ಚೌಡಮ್ಮನ ನೆಗಡಿ

ಬಾಳ್ಳುಪೇಟೆಯ ಹೆದ್ದಾರಿ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಜೆರಾಕ್ಸು, ಲ್ಯಾಮಿನೇಷನ್ನು, ರಬ್ಬರ್ ಸೀಲು, ಚೀಟಿ ಪುಸ್ತಕ, ಇಷ್ಟೇ ನನ್ನ ವ್ಯಾಪಾರ. ಹೆಸರು ಸೋಮಯ್ಯ, ವಯಸ್ಸು ಅರವತ್ತೊಂದು. ನನ್ನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದೇನೂ ಇಲ್ಲ, ಒಂದು ತಪ್ಪನ್ನು ಬಿಟ್ಟರೆ. ಅದು ಮುಂದೆ ತಾನಾಗಿಯೇ ಬರುತ್ತದೆ. ನಾನು ಬರೆಯಲು ಕೂತಿರುವುದು ಪಕ್ಕದ ಮೆಡಿಕಲ್ ಅಂಗಡಿಯ ಡೊರಿನಮ್ಮನ ವಿಷಯ. ಊರಿನವರು ಅವರ ಬಗ್ಗೆ ಎರಡು ಥರ ಮಾತಾಡುತ್ತಾರೆ. ಎರಡನ್ನೂ ಕೇಳಿ ಕೇಳಿ ನನಗೆ ರೇಗಿಹೋಗಿದೆ.

ಡೊರಿನಮ್ಮ ಮಂಗಳೂರಿನ ಕಡೆಯವರು. ಅಲ್ಲೇ ಔಷಧಿ ಶಾಸ್ತ್ರ ಓದಿ, ಇಲ್ಲಿ ಎಸ್ಟೇಟ್ ಜೀಪುಗಳ ಮೆಕ್ಯಾನಿಕ್ ಆಗಿದ್ದ ಡೇನಿಯಲ್‌ನನ್ನು ಮದುವೆಯಾಗಿ ಬಂದವರು. ಡೇನಿಯಲ್ ತೀರಿಹೋಗಿ ಹನ್ನೊಂದು ವರ್ಷವಾಯಿತು. ಮಗಳು ಮೆಲಿಸ್ಸಾ ಮಂಗಳೂರಿನಲ್ಲಿ ನರ್ಸು. ಡೊರಿನಮ್ಮನಿಗೆ ಈಗ ಐವತ್ತೆಂಟು. ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತು ನಿಂತು ಕಾಲುಗಳು ಬಾತುಕೊಂಡಿವೆ. ಬೆಳಿಗ್ಗೆ ಷಟರ್ ಎತ್ತುವಾಗಲೇ "ಸಾಕಾಗೈತೆ ಸೋಮಣ್ಣ" ಅನ್ನುತ್ತಾರೆ. ನಾನು "ನಂಗೂ" ಅನ್ನುತ್ತೇನೆ. ನಮ್ಮಿಬ್ಬರ ನಡುವೆ ನಮಸ್ಕಾರ ಅಂದರೆ ಇದೇ.

ಈ ಕಡೆಯ ಎಸ್ಟೇಟುಗಳಲ್ಲಿ ಹಳೆಯದೊಂದು ಪದ್ಧತಿ ಇತ್ತು. ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಯಾರಿಗಾದರೂ ಹುಷಾರಿಲ್ಲದಿದ್ದರೆ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಒಂದು ಚೀಟಿ ಬರೆಯುತ್ತಿದ್ದರು. ಇಂಥವರು, ಇಂಥ ಕಾಯಿಲೆ, ಕೆಳಗೊಂದು ಸಹಿ, ಎಸ್ಟೇಟಿನ ಸೀಲು. ಪೇಟೆಗೆ ಬರುವ ಜೀಪಿನ ಡ್ರೈವರ್ ಆ ಚೀಟಿ ತಂದು ಮೆಡಿಕಲ್‌ನಲ್ಲಿ ಕೊಟ್ಟು, ವಾಪಸ್ ಹೋಗುವಾಗ ಔಷಧಿಯ ಗಂಟು ಒಯ್ಯುತ್ತಿದ್ದ. ಅಲ್ಲಿಂದ ಡಾಕ್ಟರ ಹತ್ತಿರ ಹೋಗಬೇಕೆಂದರೆ ಒಂದು ದಿನದ ಕೆಲಸ ಹಾಳು. ಹಾಗಾಗಿ ಎಸ್ಟೇಟಿನ ಚೀಟಿಯೇ ಡಾಕ್ಟರ ಚೀಟಿ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಕಾನೂನು ಹಾಗೆ ಹೇಳುವುದಿಲ್ಲ. ಆದರೆ ಕಾನೂನು ಯಾವತ್ತೂ ಲೈನಿನಲ್ಲಿ ಮಲಗಿ ಕೆಮ್ಮಿಲ್ಲವಲ್ಲ, ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ.

ಬೇರೆ ಅಂಗಡಿಯವರು ಎಲ್ಲ ಮಾತ್ರೆಗಳನ್ನೂ ಒಂದೇ ಚೀಲಕ್ಕೆ ಸುರಿದು ಕಳಿಸುತ್ತಿದ್ದರು. ಡೊರಿನಮ್ಮ ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ ಕವರು ಮಾಡಿ ಮೇಲೆ ಹೆಸರು ಬರೆಯುತ್ತಿದ್ದರು. ಓದು ಬಾರದವರಿಗೆ ಗೊತ್ತಾಗಲಿ ಎಂದು ಬೆಳಿಗ್ಗೆಯ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬಿಡಿಸುತ್ತಿದ್ದರು. ಕಾಯಿಲೆ ಜಾಸ್ತಿ ಅನ್ನಿಸಿದರೆ ಒಂದು ಚೂರು ಕಾಗದದಲ್ಲಿ "ಇವರನ್ನು ಆಸ್ಪತ್ರೆಗೆ ಕಳಿಸಿ" ಎಂದು ರೈಟರಿಗೆ ಬರೆದು ಕವರಿನೊಳಗೆ ಇಡುತ್ತಿದ್ದರು. ಹೀಗೆ ಆ ಗುಡ್ಡಗಳಲ್ಲಿದ್ದ ನೂರಾರು ಜನ ಅವರಿಗೆ ಗೊತ್ತಿದ್ದರು. ಮುಖ ನೋಡಿದವರಲ್ಲ, ಬರೀ ಹೆಸರು ಮತ್ತು ಕಾಯಿಲೆ. "ಮೂಡ್ಲಗುಡ್ಡದ ಹುಲಿಯಮ್ಮಂಗೆ ಮಂಡಿ ಪಾಪ, ಈ ಸಲನೂ ಬಿಟ್ಟಿಲ್ಲ" ಎಂದು ನನ್ನೆದುರು ಹಲುಬುತ್ತಿದ್ದರು. ಯಾರೋ ನೆಂಟರ ವಿಷಯ ಇರಬೇಕೆಂದು ಮೊದಮೊದಲು ಅಂದುಕೊಂಡಿದ್ದೆ.

ಮೂಡ್ಲಗುಡ್ಡ ಎಸ್ಟೇಟಿನ ರೈಟರು ಪಾಸ್ಕಲ್. ಡೊರಿನಮ್ಮ ಅಂಗಡಿ ತೆರೆದಾಗ ಎಲ್ಲ ಎಸ್ಟೇಟಿನವರೂ ಸಕಲೇಶಪುರಕ್ಕೇ ಹೋಗುತ್ತಿದ್ದ ಕಾಲ. ಮೊದಲ ಚೀಟಿ ಬರೆದು ಕಳಿಸಿದವರು ಪಾಸ್ಕಲ್. "ನಮ್ಮ ಡೊರಿನ್ ಇದಾಳೆ, ಓದ್ಕೊಂಡೋಳು" ಎಂದು ಬೇರೆ ರೈಟರುಗಳಿಗೆ ಹೇಳಿ ಗಿರಾಕಿ ಮಾಡಿಸಿದವರೂ ಅವರೇ. ಮೆಲಿಸ್ಸಾಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ತೋಳಲ್ಲಿ ಹಿಡಿದು ನಿಂತವರೂ ಅವರೇ. ಒಂಟಿ ಜೀವ. ಮದುವೆಯಾಗಲಿಲ್ಲ. ಎಸ್ಟೇಟು ಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸೇ ಮನೆ. ಬಲಕ್ಕೆ ವಾಲಿದ ಅವರ ಅಕ್ಷರ ನನಗೂ ಗೊತ್ತಿತ್ತು.

ಮೂರು ವರ್ಷದ ಹಿಂದೆ ಮೂಡ್ಲಗುಡ್ಡದ ಯಜಮಾನರು ತೀರಿಕೊಂಡರು. ಅವರ ಕಡೆಯವರು ತೋಟವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟರು. ಆಮೇಲೆ, ಕಳೆದ ವರ್ಷ ಮಳೆ ಹಿಡಿಯುವ ಮುಂಚೆ, ನವೀನ್‌ಕುಮಾರ್ ಎಂಬೊಬ್ಬ ನನ್ನ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು. ತಾನು ಮೂಡ್ಲಗುಡ್ಡದ ಹೊಸ ಮ್ಯಾನೇಜರ್ ಎಂದ. ಹಳೆಯ ಚೀಟಿಯೊಂದನ್ನು ಮುಂದಿಟ್ಟು, "ಸೀಲು ಸವೆದೋಗಿದೆ ಸಾರ್, ಇದೇ ಥರ ಒಂದು ಮಾಡಿಕೊಡಿ. ಚೀಟಿ ಪುಸ್ತಕ ಹತ್ತು ಬೇಕು" ಎಂದ. ಒಂದು ಎಸ್ಟೇಟಿಗೆ ವರ್ಷಕ್ಕೆ ಒಂದು ಚೀಟಿ ಪುಸ್ತಕ ಖರ್ಚಾದರೆ ಹೆಚ್ಚು. ಹತ್ತು ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಗಿರಾಕಿ ಸಕಲೇಶಪುರಕ್ಕೆ ಹೋಗುತ್ತಾನೆ ಎನ್ನುವುದು ನನ್ನ ನಲವತ್ತು ವರ್ಷದ ಅನುಭವ. ಸೀಲು ಮಾಡಿಕೊಟ್ಟೆ, ಪುಸ್ತಕ ಅಚ್ಚು ಹಾಕಿಸಿಕೊಟ್ಟೆ, ಮರೆತೆ.

ತೋಟ ಕೈ ಬದಲಾದ ಮೇಲೆ ನಿಂತಿದ್ದ ಮೂಡ್ಲಗುಡ್ಡದ ಚೀಟಿಗಳು ಜೂನ್‌ನಲ್ಲಿ ಮತ್ತೆ ಶುರುವಾದವು, ಹೊಸಬರು ಕೆಲಸ ಹಿಡಿದಿರಬೇಕು ಎಂದುಕೊಂಡೆವು. ಹದಿನಾಲ್ಕು ಹೆಸರು, ಎಲ್ಲರಿಗೂ ನೆಗಡಿ. ಮಳೆಗಾಲ, ಗುಡ್ಡದ ಮೇಲೆ ಒಣ ಬಟ್ಟೆಯೇ ಇರುವುದಿಲ್ಲ, ನೆಗಡಿಯಾಗದೆ ಇನ್ನೇನಾಗುತ್ತದೆ? ಡೊರಿನಮ್ಮ ಹದಿನಾಲ್ಕು ಕವರು ಮಾಡಿ ಕಳಿಸಿದರು. ಮುಂದಿನ ವಾರ ಮತ್ತೆ ಹದಿನಾಲ್ಕು. ಕೇಳುತ್ತಿದ್ದುದು ಒಂದೇ ಜಾತಿಯ ಮಾತ್ರೆ, ಪ್ರತಿ ಸಲವೂ ಸ್ವಲ್ಪ ಜಾಸ್ತಿ. ಚೀಟಿಯಲ್ಲಿ ಮೊದಲ ಹೆಸರು ಯಾವಾಗಲೂ ಚೌಡಮ್ಮನದು. ಚೌಡಮ್ಮನ ನೆಗಡಿ ಆಗಸ್ಟ್ ಮುಗಿದರೂ ಬಿಡಲಿಲ್ಲ. ಡೊರಿನಮ್ಮನಿಗೆ ಚಿಂತೆ ಹತ್ತಿಕೊಂಡಿತು. "ಇಷ್ಟು ದಿನ ಬಿಡದೆ ಇದ್ರೆ ಎದೆದು ಏನಾದ್ರೂ ಇರ್ಬೋದು ಸೋಮಣ್ಣ, ಕಫ ಪರೀಕ್ಷೆ ಮಾಡಿಸ್ಬೇಕು" ಎಂದು ನನಗೆ ಹೇಳಿದರು. ಅದನ್ನೇ ಕಾಗದದಲ್ಲಿ ಬರೆದು ಚೌಡಮ್ಮನ ಕವರಿನೊಳಗೆ ಇಟ್ಟರು. ಒಂದು ಸಲವಲ್ಲ, ನಾಲ್ಕು ಸಲ. ಯಾವುದಕ್ಕೂ ಉತ್ತರ ಬರಲಿಲ್ಲ. ಚರ್ಚಿಗೆ ಬಂದರೂ ಪಾಸ್ಕಲ್ ಈಚೆಗೆ ಮುಗಿಯುವ ಮುಂಚೆಯೇ ಎದ್ದು ಹೋಗುತ್ತಿದ್ದರು. ಪಾಸ್ಕಲ್ ರೈಟರಿಗೆ ವಯಸ್ಸಾಯಿತು, ಮರೆವು, ಎಂದು ತಾವೇ ಸಮಾಧಾನ ಹೇಳಿಕೊಂಡರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಬಿ.ಪಿ. ಮಾತ್ರೆಗೆಂದು ಅವರ ಅಂಗಡಿಯಲ್ಲಿ ನಿಂತಿದ್ದೆ. ಪಾಳ್ಯದ ಕಡೆಯ ಬಸ್ಸಿನಿಂದ ಒಬ್ಬ ಮುದುಕಿ ಇಳಿದು, ಕುಂಟುತ್ತ ಬಂದು, ಆಲೂರು ಆಸ್ಪತ್ರೆಯ ಚೀಟಿಯನ್ನು ಕೌಂಟರಿನ ಮೇಲಿಟ್ಟಳು. ಡೊರಿನಮ್ಮ ಕನ್ನಡಕ ಏರಿಸಿ ಹೆಸರು ಓದಿ, ಮುದುಕಿಯ ಮುಖ ನೋಡಿದರು.

"ಮೂಡ್ಲಗುಡ್ಡದ ಲೈನಿನ ಹುಲಿಯಮ್ಮ ನೀವೇನಾ? ಮಂಡಿನೋವಿನ ಹುಲಿಯಮ್ಮ?"

"ಹೂಂ ಕಣಮ್ಮ, ನಾನೇಯ. ನಿಮ್ಗೆಂಗ್ ಗೊತ್ತು?"

"ನಿಮ್ಗೆ ಮಾತ್ರೆ ಕಟ್ಟೋಳು ನಾನೇ."

"ಸೂರ್ಯಪ್ಪನ ಚಿತ್ರ ಬರೀತಿದ್ದ ಅಮ್ಮ ನೀವೇಯಾ!" ಎಂದು ಮುದುಕಿ ಕೌಂಟರಿನ ಮೇಲಿದ್ದ ಡೊರಿನಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಡೊರಿನಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ಅನೇಕ ವರ್ಷಗಳಿಂದ ನೋಡಿರಲಿಲ್ಲ. ಕೂರಲು ಸ್ಟೂಲು ಕೊಟ್ಟರು. ಮಂಡಿ ವಿಚಾರಿಸಿದರು. ಆಮೇಲೆ, "ನೆಗಡಿ ಹೆಂಗೈತೆ ಈಗ?" ಎಂದರು.

"ನೆಗಡಿನಾ? ನಂಗ್ಯಾವ ನೆಗಡಿ ಕಣಮ್ಮ. ಮಂಡಿ ಒಂದು ಬುಟ್ರೆ ಚೆಂದಾಗಿವ್ನಿ."

"ಹೋದ ವಾರ ನಿಮ್ಮ ಹೆಸರಲ್ಲಿ ಕಳಿಸಿದ್ನಲ್ಲ?"

"ಯಾರ್ ಕೈಲಿ? ನಾನು ಲೈನ್ ಬುಟ್ಟು ಎರಡ್ ವರ್ಸ ಆಯ್ತು. ಪಾಳ್ಯದಲ್ಲಿ ಮಗಳ ಮನೇಲಿವ್ನಿ. ಯಜಮಾನ್ರು ಸತ್ ಮ್ಯಾಕೆ ಎಲ್ರುನೂ ಕಳಿಸ್ಬುಟ್ರಲ್ಲಮ್ಮ. ಲೈನಲ್ಲಿ ಈಗ ಒಂದ್ ನಾಯಿನೂ ಇಲ್ಲ."

ಡೊರಿನಮ್ಮ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ಚೌಡಮ್ಮ?" ಎಂದರು.

"ನಮ್ ಪಕ್ಕದ ಮನೆ ಚೌಡಮ್ಮನಾ? ಅವ್ಳು ಹೋಗ್ಬುಟ್ಳು ಕಣಮ್ಮ, ಲೈನ್ ಬುಟ್ಟ ವರ್ಸನೇ. ನಾನೇ ಬಾಯಿಗೆ ನೀರ್ ಬುಟ್ಟಿದ್ದು."

ಹುಲಿಯಮ್ಮ ಹೋದ ಮೇಲೆ ಡೊರಿನಮ್ಮ ಗೋಡೆಯಲ್ಲಿ ನೇತುಹಾಕಿದ್ದ ಕಂಬಿಯನ್ನು ಇಳಿಸಿದರು. ಬಂದ ಚೀಟಿಗಳನ್ನೆಲ್ಲ ಆ ಕಂಬಿಗೆ ಚುಚ್ಚಿಡುವುದು ಅವರ ಅಭ್ಯಾಸ. ಮೂಡ್ಲಗುಡ್ಡದವನ್ನಷ್ಟೇ ಆರಿಸಿ ನನ್ನ ಅಂಗಡಿಗೆ ತಂದು, "ಒಂದೊಂದು ಕಾಪಿ ತೆಗೀರಿ" ಎಂದರು. ತೆಗೆಯುತ್ತ ಹೋದೆ. ಒಂದೊಂದು ಚೀಟಿಯ ಮೇಲೂ ನಾನೇ ಮಾಡಿಕೊಟ್ಟ ಸೀಲು ನನ್ನದೇ ಮೆಷೀನಿನ ಬೆಳಕಿನಲ್ಲಿ ಹಾದುಹೋಗುತ್ತಿತ್ತು.

ಡೊರಿನಮ್ಮ ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ಗೊತ್ತಿಲ್ಲ. "ಹದಿನಾಲ್ಕು ಜನ ತೋಟದ ಕೆಲಸದೋರು ಸೋಮಣ್ಣ. ಐದು ತಿಂಗಳಲ್ಲಿ ಒಬ್ರಿಗೂ ಕತ್ತಿ ತಾಗಿಲ್ಲ. ಜಿಗಣೆ ಕಚ್ಚಿ ಕೆರೆದು ಹುಣ್ಣಾಗಿಲ್ಲ. ಬೆನ್ನು ಹಿಡ್ಕೊಂಡಿಲ್ಲ. ಒಬ್ರಿಗೂ ಹೊಟ್ಟೆ ಕೆಟ್ಟಿಲ್ಲ. ಬರೀ ನೆಗಡಿ. ಅಂಥ ಲೈನು ಎಲ್ಲಾದ್ರೂ ಐತಾ? ಮೂವತ್ತು ವರ್ಷ ನಾನೇನು ಕಲ್ತೆ?"

ಆ ಮಾತ್ರೆಗಳಿಂದ ಅಮಲಿನ ಪುಡಿ ತಯಾರಿಸುವವರಿದ್ದಾರೆ, ಯಾರಾದರೂ ಒಟ್ಟೊಟ್ಟಿಗೆ ಕೇಳಿದರೆ ಎಚ್ಚರ, ಎಂದು ಹಾಸನದಲ್ಲಿ ನಡೆದ ಔಷಧಿ ಅಂಗಡಿಯವರ ಸಭೆಯಲ್ಲಿ ಅಧಿಕಾರಿಯೊಬ್ಬರು ಹೇಳಿದ್ದರಂತೆ. ಅದೆಲ್ಲ ಬೆಂಗಳೂರಿನ ಸುದ್ದಿ ಎಂದುಕೊಂಡು ಡೊರಿನಮ್ಮ ವಡೆ ತಿಂದು ಬಂದಿದ್ದರು. ಅಪರಿಚಿತ ಹುಡುಗರು ಬಂದು ಇಪ್ಪತ್ತು ಹಾಳೆ ಮಾತ್ರೆ ಕೇಳಿದ್ದರೆ ಅವರೇ ಬೈದು ಓಡಿಸುತ್ತಿದ್ದರು. ಆದರೆ ಬಂದದ್ದು ಪರಿಚಯದ ಎಸ್ಟೇಟಿನ ಹೆಸರು, ಪರಿಚಯದ ಸೀಲು, ಪಾಸ್ಕಲ್ ರೈಟರ ಅಕ್ಷರ.

"ಸೀಲು ಹೊಸದು ಕಾಣ್ತೈತೆ. ಯಾರು ಮಾಡಿರ್ಬೋದು ಸೋಮಣ್ಣ?" ಎಂದರು.

"ಯಾರಿಗ್ಗೊತ್ತು" ಎಂದೆ. ಬಾಯಿಂದ ಸಲೀಸಾಗಿ ಬಂತು. ಇವತ್ತಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಅಕ್ಷರ ಪಾಸ್ಕಲ್‌ರದೇ, ಅದರಲ್ಲಿ ಅನುಮಾನವಿರಲಿಲ್ಲ. ಹಾಸನಕ್ಕೆ ಹೋಗಿ ದೂರು ಕೊಟ್ಟರೆ ಮೊದಲು ಹಿಡಿಯುವುದು ಅವರನ್ನೇ. ಕೊಡದಿದ್ದರೆ ಮುಂದಿನ ವಾರ ಮತ್ತೆ ಹದಿನಾಲ್ಕು ಕವರು. ಡೊರಿನಮ್ಮನಿಗೆ ಇದ್ದದ್ದು ಇವೆರಡೇ ದಾರಿ. ಚೀಟಿ ನಂಬಿ ಕೊಟ್ಟದ್ದಕ್ಕೆ ತಮ್ಮ ಲೈಸೆನ್ಸಿಗೂ ಕುತ್ತು ಬರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು, ಆದರೆ ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. "ಪಾಸ್ಕಲ್‌ನ ನಾನೇ ಹೆಂಗ್ ಹಿಡ್ಕೊಡ್ಲಿ?" ಎಂದಷ್ಟೇ ಹೇಳಿ ಎದ್ದುಹೋದರು.

ಭಾನುವಾರ ಚರ್ಚು ಮುಗಿದ ಮೇಲೆ ಅವರು ಪಾಸ್ಕಲ್‌ರನ್ನು ಅಂಗಳದ ಮರದ ಕೆಳಗೆ ನಿಲ್ಲಿಸಿ ನೇರವಾಗಿ ಕೇಳಿದರಂತೆ. ಇದನ್ನು ಡೊರಿನಮ್ಮನೇ ಆಮೇಲೆ ನನಗೆ ಹೇಳಿದ್ದು. ಪಾಸ್ಕಲ್ ಅಲ್ಲಗಳೆಯಲಿಲ್ಲ. ನವೀನ್‌ಕುಮಾರ್ ಹಳೆಯ ಹಾಜರಿ ಪುಸ್ತಕ ತಂದಿಟ್ಟು, ಇದರಲ್ಲಿರುವ ಹೆಸರುಗಳನ್ನೇ ಬರೆಯಿರಿ ಎಂದಿದ್ದನಂತೆ. ಸುಗ್ಗಿಗೆ ಹೊರಗಿನಿಂದ ಜನ ಬರುತ್ತಾರೆ, ಅವರಿಗೆ ಔಷಧಿ ಕೂಡಿಡಬೇಕು ಎಂಬ ಕಾರಣ ಕೊಟ್ಟಿದ್ದನಂತೆ. ಬರೆದುಕೊಟ್ಟರೆ ಕ್ವಾರ್ಟರ್ಸಿನಲ್ಲಿ ಇರಬಹುದು, ಇಲ್ಲದಿದ್ದರೆ ಖಾಲಿ ಮಾಡಬೇಕು. ಹಳೆಯ ಪಲ್ಪಿಂಗ್ ಶೆಡ್ಡಿನ ಹತ್ತಿರ, ಮೊದಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಜಾಗಕ್ಕೆ, ಹೋಗಬೇಡಿ ಎಂದೂ ಹೇಳಿದ್ದನಂತೆ. ಪಾಸ್ಕಲ್ ಹೋಗಲಿಲ್ಲ. ಆ ಕಡೆಯಿಂದ ಘಾಟು ಬಂದರೆ ಕಿಟಕಿ ಹಾಕಿಕೊಂಡರು.

"ನಾನು ರೈಟರು ಡೊರಿನ್. ಬರಿ ಅಂದ್ರು, ಬರೆದೆ" ಎಂದರಂತೆ. ಆಮೇಲೆ, "ಚೌಡಮ್ಮಂಗೆ ಕಫ ಪರೀಕ್ಷೆ ಮಾಡಿಸಿ ಅಂತ ನೀನು ಬರೆದಿದ್ದ ಕಾಗದ ಕವರಿಂದ ಜಾರಿ ನನ್ನ ಬಾಗಿಲಲ್ಲೇ ಬಿದ್ದಿತ್ತು. ಓದಿದ ದಿನ ನಿನ್ನ ಹತ್ರ ಬಂದು ಹೇಳ್ಬಿಡೋಣ ಅಂತ ಬಸ್ ಸ್ಟ್ಯಾಂಡ್ ತನಕ ಬಂದಿದ್ದೆ" ಎಂದರಂತೆ.

"ಮತ್ತೆ ಯಾಕೆ ಬರ್ಲಿಲ್ಲ?"

"ಬಸ್ಸು ಬಂತು. ಹತ್ತಲಿಲ್ಲ."

ಡೊರಿನಮ್ಮ ಒಂದು ಮಾತು ಕೊಟ್ಟು ಬಂದಿದ್ದರು. ಮರುದಿನ ಒಂಬತ್ತು ಗಂಟೆಗೆ ತಾನು ಬಾಳ್ಳುಪೇಟೆ ಬಸ್ ನಿಲ್ದಾಣದಲ್ಲಿರುತ್ತೇನೆ, ಪಾಸ್ಕಲ್ ತಾವಾಗಿಯೇ ಬಂದು ಎಲ್ಲ ಹೇಳಿದರೆ ಅಧಿಕಾರಿಗಳು ಸ್ವಲ್ಪವಾದರೂ ದಯೆ ತೋರಿಸಬಹುದು, ಜೊತೆಗೇ ಹೋಗೋಣ ಎಂದು. ಸೋಮವಾರ ಬೆಳಿಗ್ಗೆ ನನ್ನ ಅಂಗಡಿಯಿಂದ ನೋಡುತ್ತಿದ್ದೆ. ಡೊರಿನಮ್ಮ ಷಟರ್ ಎತ್ತಲಿಲ್ಲ. ಚರ್ಚಿಗೆ ಉಡುವ ಬೂದು ಬಣ್ಣದ ಸೀರೆ ಉಟ್ಟು, ಜೆರಾಕ್ಸ್ ಕಾಪಿಗಳ ಕವರನ್ನು ಎದೆಗವಚಿಕೊಂಡು ನಿಂತಿದ್ದರು. ಹಾಸನದ ಬಸ್ಸು ಒಂದು ಬಂತು, ಹೋಯಿತು. ಎರಡನೆಯದೂ ಹೋಯಿತು. ಬಾತ ಕಾಲಲ್ಲಿ ನಿಲ್ಲಲಾರದೆ ಒಂದು ಸಲ ಈ ಕಾಲ ಮೇಲೆ, ಒಂದು ಸಲ ಆ ಕಾಲ ಮೇಲೆ ಭಾರ ಹಾಕುತ್ತಿದ್ದರು. ಪಾಸ್ಕಲ್ ಬರಲಿಲ್ಲ. ಮೂರನೆಯ ಬಸ್ಸು ಬಂದಾಗ ಡೊರಿನಮ್ಮ ಹತ್ತಿದರು. ನನಗೆ ಏನಾಯಿತೋ, ಅಂಗಡಿಗೆ ಬೀಗ ಜಡಿದು ಓಡಿಹೋಗಿ ಅದೇ ಬಸ್ಸು ಹತ್ತಿದೆ.

ಬಸ್ಸು ಆಲೂರು ದಾಟಿತು. ಆಮೇಲೆ ಹೇಳಿದೆ. ಸೀಲು ಮಾಡಿದ್ದು ನಾನು, ಹತ್ತು ಪುಸ್ತಕ ಅಚ್ಚು ಹಾಕಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು.

ಡೊರಿನಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಗೊತ್ತಿತ್ತು ಕಣ್ರೀ. ಬಾಳ್ಳುಪೇಟೇಲಿ ಸೀಲು ಮಾಡೋರು ನೀವೊಬ್ರೇ ಅಲ್ವಾ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಹತ್ತು ಪುಸ್ತಕ ಅಂದ್ರೆ ಬರೀ ನನ್ನೊಬ್ಬಳ ಅಂಗಡಿಗೆ ಅಲ್ಲ" ಎಂದರು.

ಅವರು ಹೇಳಿದ್ದು ನಿಜವಾಯಿತು. ಅದೇ ಹೆಸರುಗಳು, ಅದೇ ನೆಗಡಿ, ಆರು ಊರಿನ ಒಂಬತ್ತು ಅಂಗಡಿಗಳಿಗೆ ಹೋಗಿತ್ತು. ಒಬ್ಬೊಬ್ಬರೂ ತಮಗೆ ಬಂದ ಚೀಟಿಯನ್ನಷ್ಟೇ ನೋಡಿದ್ದರು. ಯಾರೂ ಇನ್ನೊಬ್ಬರನ್ನು ಕೇಳಿರಲಿಲ್ಲ. ಚೌಡಮ್ಮ ಸತ್ತ ಮೇಲೆ ಆರು ಊರಿನಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದಳು.

ಹಾಸನದಲ್ಲಿ ಅಧಿಕಾರಿ ನಮ್ಮಿಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. ಮೂರನೆಯ ದಿನ ಮೂಡ್ಲಗುಡ್ಡಕ್ಕೆ ಪೊಲೀಸ್ ಜೀಪುಗಳು ಹೋದವು. ಪಲ್ಪಿಂಗ್ ಶೆಡ್ಡಿನಲ್ಲಿ ಆಸಿಡ್ ಡ್ರಮ್ಮುಗಳೂ ಅಮಲಿನ ಪುಡಿಯೂ ಸಿಕ್ಕವು, ಇಬ್ಬರು ಆಳುಗಳೂ ಸಿಕ್ಕರು. ನವೀನ್‌ಕುಮಾರ್ ಸಿಗಲಿಲ್ಲ, ಇನ್ನೂ ಸಿಕ್ಕಿಲ್ಲ, ಅವನ ನಿಜವಾದ ಹೆಸರು ಅದಲ್ಲ ಎಂದೂ ಈಗ ಹೇಳುತ್ತಾರೆ. ಪಾಸ್ಕಲ್ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿದ್ದರಂತೆ. ಅವರನ್ನೂ ಕರೆದೊಯ್ದರು.

ಒಂದು ವಾರದ ನಂತರ ನಮ್ಮಿಬ್ಬರನ್ನೂ ಠಾಣೆಗೆ ಕರೆಸಿದರು. ಮೇಜಿನ ಮೇಲೆ ಒಂದು ಗೋಣಿಚೀಲ. ಅದರ ತುಂಬ ಡೊರಿನಮ್ಮನ ಕವರುಗಳು. ಮಾತ್ರೆ ತೆಗೆದುಕೊಂಡು ಕವರುಗಳನ್ನು ಶೆಡ್ಡಿನ ಹಿಂದೆ ಕಾಫಿ ಸಿಪ್ಪೆಯ ಗುಡ್ಡೆಯ ಮೇಲೆ ಎಸೆದಿದ್ದರಂತೆ. ನೆನೆದು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಶಾಯಿ ಮಾತ್ರ ಹೋಗಿರಲಿಲ್ಲ.

"ಇದು ನಿಮ್ಮ ಅಕ್ಷರವೇ?" ಎಂದು ಇನ್ಸ್‌ಪೆಕ್ಟರ್ ಕೇಳಿದರು. ಹೌದೆಂದರು. "ಹಾಗಾದರೆ ಒಂದೊಂದಾಗಿ ಓದಿ ಹೇಳಿ, ಬರೆದುಕೊಳ್ಳಬೇಕು."

ಡೊರಿನಮ್ಮ ಓದಿದರು. ಹುಲಿಯಮ್ಮ. ಕೆಂಚಮ್ಮ. ರುದ್ರಯ್ಯ. ಮತ್ತೆ ಹುಲಿಯಮ್ಮ. ಪ್ರತಿ ಹೆಸರಿನ ಪಕ್ಕ ಒಂದು ಸೂರ್ಯ, ಒಂದು ಚಂದ್ರ. ಚೌಡಮ್ಮನ ಒಂದು ಕವರು ಬಂದಾಗ ಒಳಗೆ ಮಡಿಸಿಟ್ಟ ಕಾಗದ ಹಾಗೇ ಇತ್ತು, ಯಾರೂ ಬಿಡಿಸಿರಲಿಲ್ಲ. ಡೊರಿನಮ್ಮ ಬಿಡಿಸಿ ತಮ್ಮದೇ ಅಕ್ಷರವನ್ನು ಓದಿದರು. "ಚೌಡಮ್ಮನಿಗೆ ಒಬ್ಬರೇ ಹೋಗಲು ಭಯವಿದ್ದರೆ ನನ್ನ ಅಂಗಡಿಗೆ ಕಳಿಸಿ, ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ." ಮುಂದಿನ ಕವರನ್ನು ಅವರು ಎತ್ತಿಕೊಳ್ಳಲಿಲ್ಲ. ಇನ್ಸ್‌ಪೆಕ್ಟರ್ ಒಳ್ಳೆಯವರು, ನೀರು ತರಿಸಿದರು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಸತ್ತವಳಿಗೆ ಮಾಡಿದ ಪ್ರೀತಿಯನ್ನು ಯಾರೋ ಸಿಪ್ಪೆಗುಡ್ಡೆಗೆ ಎಸೆದಿದ್ದರು. ಅದಕ್ಕೆ ಸೀಲು ಹಾಕಿಕೊಟ್ಟವನು ನಾನು.

ಡೊರಿನಮ್ಮನ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿದರು. ಡಾಕ್ಟರ ಚೀಟಿಯಿಲ್ಲದೆ ಕೊಡಬಾರದ ಮಾತ್ರೆ ಕೊಟ್ಟದ್ದು ತಪ್ಪು ತಾನೇ. ದೂರು ಕೊಟ್ಟವರಿಗೇ ಶಿಕ್ಷೆಯಾ ಎಂದು ನಾನು ಹಾರಾಡಿದೆ. ಅವರು, "ಕೊಟ್ಟಿದ್ದು ನಾನೇ ಅಲ್ವಾ, ಸುಮ್ನಿರಿ ಸೋಮಣ್ಣ" ಎಂದರು.

ಆ ಮೂರು ತಿಂಗಳು ಮನೆಯಲ್ಲಿ ಕಾಲು ಚಾಚಿ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಡೊರಿನಮ್ಮ ಬಸ್ಸು ಹಿಡಿದು ಉಳಿದ ಎಂಟು ಅಂಗಡಿಗೂ ಹೋದರು. ಔಷಧಿ ಅಂಗಡಿ ಮಾತ್ರವಲ್ಲ, ಬಣ್ಣ ಮತ್ತು ಆಸಿಡ್ ಮಾರುವ ಹಾರ್ಡ್‌ವೇರ್ ಅಂಗಡಿ, ಗೊಬ್ಬರದ ಅಂಗಡಿಗಳಿಗೂ. ಮೂಡ್ಲಗುಡ್ಡಕ್ಕೆ ಡ್ರಮ್ಮುಗಳೂ ಹೋಗಿದ್ದವಲ್ಲ, ಅವೂ ಯಾವುದೋ ಅಂಗಡಿಯಿಂದಲೇ ಹೋದದ್ದು. ಹೇಳುತ್ತಿದ್ದದ್ದು ಸರಳ. ಒಂದೇ ವಸ್ತು ಮತ್ತೆ ಮತ್ತೆ ಕೇಳಿದರೆ ಯಾಕೆಂದು ಕೇಳಿ. ಕಾಯಿಲೆಯವರನ್ನೇ ಕರೆತರಲು ಹೇಳಿ. ಕೆಲಸವೇ ನಡೆಯದ ತೋಟಕ್ಕೆ ಇಷ್ಟೆಲ್ಲ ಸಾಮಾನು ಯಾಕೆ ಅನ್ನಿಸಿದರೆ ಪಕ್ಕದ ಅಂಗಡಿಗೆ ಒಂದು ಫೋನ್ ಮಾಡಿ. ಜಗಳ ಮಾಡಬೇಡಿ, ಸ್ಟಾಕಿಲ್ಲ ಎಂದು ಕಳಿಸಿ ಹಾಸನಕ್ಕೆ ತಿಳಿಸಿ. ಕೆಲವರು ಕಾಫಿ ಕೊಟ್ಟು ಕೇಳಿಸಿಕೊಂಡರು. ಕೆಲವರು, "ನಿಮ್ಮಿಂದಾಗಿ ನಮ್ಮ ಅಂಗಡಿಗೂ ತಪಾಸಣೆ ಬಂತಲ್ಲ ಮಾರಾಯ್ತಿ" ಎಂದು ಬಾಗಿಲಲ್ಲೇ ನಿಲ್ಲಿಸಿದರು. ಕೊನೆಗೆ ಹದಿನೇಳು ಜನ ಸೇರಿ ಒಂದು ವಾಟ್ಸಾಪ್ ಗುಂಪು ಆಯಿತು. ಅದರಲ್ಲಿ ಈಗ ಹೆಚ್ಚಾಗಿ ಶುಭೋದಯದ ಹೂವುಗಳೇ ಬರುತ್ತವೆ. ಆದರೂ ಈ ಜನವರಿಯಲ್ಲಿ ಒಂದು ಚೀಟಿಯ ಫೋಟೋ ಬಂತು, ಇನ್ನೆರಡು ಅಂಗಡಿಯವರು "ನಮಗೂ ಬಂದೈತೆ" ಎಂದರು, ಅದು ಅಲ್ಲಿಗೇ ನಿಂತಿತು.

ಅಂಗಡಿ ಮತ್ತೆ ತೆರೆದ ದಿನ ಡೊರಿನಮ್ಮ ಗೋಡೆಯ ಕಂಬಿಯನ್ನು ಕಿತ್ತುಹಾಕಿದರು. ಎಸ್ಟೇಟ್ ಚೀಟಿ ತೆಗೆದುಕೊಳ್ಳುವುದಿಲ್ಲ ಎಂದು ನನ್ನ ಹತ್ತಿರವೇ ಬೋರ್ಡು ಮಾಡಿಸಿದರು. ಎಸ್ಟೇಟಿನವರು ಸಿಟ್ಟಾಗಿ ಸಕಲೇಶಪುರದ ದಾರಿ ಹಿಡಿದರು. ಲೈನಿನವರು ಬಿಸಿಲಲ್ಲಿ ಅಷ್ಟು ದೂರ ನಡೆದು ಬರುವಂತಾಯಿತು, ದೊಡ್ಡ ಕಾನೂನಿನವಳು ಇವಳು, ಎಂದು ಒಂದು ಗುಂಪು. ಪಾಸ್ಕಲ್‌ನಂಥ ದೇವರಂಥ ಮನುಷ್ಯನನ್ನು ಜೈಲಿಗೆ ಕಳಿಸಿದಳು ಎಂದು ಚರ್ಚಿನಲ್ಲಿ ಇನ್ನೊಂದು ಗುಂಪು. ಭಾನುವಾರ ಅವರ ಬೆಂಚಿನಲ್ಲಿ ಅವರೊಬ್ಬರೇ ಕೂರುತ್ತಾರೆ ಎಂದು ಕೇಳಿದ್ದೇನೆ. ನಾನು ಕೇಳಿದರೆ, "ಅಗಲವಾಗಿ ಕೂರಬೋದು, ಕಾಲಿಗೆ ಒಳ್ಳೇದು" ಅನ್ನುತ್ತಾರೆ. ನಾನೂ ಈಗ ಸೀಲು ಮಾಡುವ ಮುಂಚೆ ಗುರುತಿನ ಕಾಗದ ಕೇಳುತ್ತೇನೆ. ಅರ್ಧ ಗಿರಾಕಿಗಳು ಹೋದರು. ಹೋಗಲಿ.

ಪಾಸ್ಕಲ್ ಐದು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಹೊರಬಂದರು. ಅವರಿಗೆ ವಕೀಲರನ್ನು ಹುಡುಕಿಕೊಟ್ಟವಳು ಮೆಲಿಸ್ಸಾ. ಹುಡುಕು ಎಂದು ಹೇಳಿದವರು ಯಾರು ಎಂಬುದನ್ನು ನಾನು ಬರೆಯಬೇಕಾಗಿಲ್ಲ.

ಹೋದ ವಾರ, ಮಧ್ಯಾಹ್ನದ ಹೊತ್ತು, ಪಾಸ್ಕಲ್ ಬಾಳ್ಳುಪೇಟೆಯಲ್ಲಿ ಬಸ್ಸಿಳಿದರು. ಅಂಗಿ ಎರಡು ಸೈಜು ದೊಡ್ಡದಾಗಿತ್ತು. ನನ್ನ ಅಂಗಡಿ ದಾಟಿ ಹೋಗಿ ಮೆಡಿಕಲ್ ಕೌಂಟರಿನ ಮುಂದೆ ನಿಂತರು. ಗಿರಾಕಿಗಳಿರಲಿಲ್ಲ. ನಾನು ಮೆಷೀನು ನಿಲ್ಲಿಸಿದೆ. ಪಾಸ್ಕಲ್ ಜೇಬಿನಿಂದ ಒಂದು ತುಂಡು ಕಾಗದ ತೆಗೆದು ಕೌಂಟರಿನ ಮೇಲಿಟ್ಟರು. ಬಲಕ್ಕೆ ವಾಲಿದ ಅದೇ ಅಕ್ಷರ ಇದ್ದಿರಬೇಕು. ಮೂವತ್ತೈದು ವರ್ಷದ ಅಭ್ಯಾಸ.

ಡೊರಿನಮ್ಮ ಅದನ್ನು ಮುಟ್ಟಲಿಲ್ಲ. ಆ ಇಬ್ಬರೂ ಯಾವಾಗಲೂ ಮಾತಾಡುತ್ತಿದ್ದದ್ದು ಕೊಂಕಣಿಯಲ್ಲಿ. ಅವತ್ತು ಡೊರಿನಮ್ಮ ಯಾರೋ ಬಸ್ಸಿಗೆ ಕಾಯುವವರನ್ನು ಕೇಳುವ ಹಾಗೆ ಕನ್ನಡದಲ್ಲಿ ಕೇಳಿದರು.

"ಚೀಟಿ ತಗೊಳಲ್ಲ. ಬಾಯಲ್ಲಿ ಹೇಳಿ. ಯಾರಿಗೆ?"

ಪಾಸ್ಕಲ್ ಕಾಗದವನ್ನು ವಾಪಸ್ ಜೇಬಿಗೆ ಹಾಕಿಕೊಂಡರು. "ನಂಗೆ" ಎಂದರು.

"ಹೆಸರು?"

ತಮ್ಮ ಮಗಳನ್ನು ತೋಳಲ್ಲಿ ಹಿಡಿದು ನಿಂತವರನ್ನು ಅವರು ಹೆಸರು ಕೇಳುತ್ತಿದ್ದರು. ನನಗೆ ಎದ್ದುಹೋಗಿ ತಡೆಯಬೇಕೆನಿಸಿತು.

"ಪಾಸ್ಕಲ್."

"ಏನಾಗೈತೆ?"

"ಜ್ವರ. ನೆಗಡಿ." ನಿಜವಾಗಿಯೂ ಮೂಗು ಸೋರುತ್ತಿತ್ತು. ಕಣ್ಣೂ ಸೋರುತ್ತಿತ್ತು.

ಡೊರಿನಮ್ಮ ಕೌಂಟರಿನ ಮೇಲೆ ಕೈ ಚಾಚಿ ಅವರ ಹಣೆ ಮುಟ್ಟಿ ನೋಡಿದರು. ಒಳಗೆ ಹೋಗಿ ಜ್ವರದ ಮಾತ್ರೆ ನಾಲ್ಕು ಕತ್ತರಿಸಿ ತಂದರು. ಕವರು ತೆಗೆದು ಮೇಲೆ ಹೆಸರು ಬರೆದರು. ಓದು ಬಾರದವರಿಗೆಂದು ಬಿಡಿಸುತ್ತಿದ್ದ ಸೂರ್ಯ ಚಂದ್ರರನ್ನು ಅದರ ಪಕ್ಕ ಬಿಡಿಸಿದರು. ಪಾಸ್ಕಲ್ ಆ ಕವರನ್ನು ನೋಡುತ್ತ ಹಾಗೇ ನಿಂತರು.

"ನಾಳೆ ಬೆಳಿಗ್ಗೆ ಬಾ, ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಈ ಸಲ ಬಸ್ಸು ಹತ್ತು" ಎಂದರು ಡೊರಿನಮ್ಮ. ಅದನ್ನು ಮಾತ್ರ ಕೊಂಕಣಿಯಲ್ಲಿ ಹೇಳಿದರು. ಇಪ್ಪತ್ತೆಂಟು ವರ್ಷ ಪಕ್ಕದಲ್ಲೇ ಕೂತಿರುವ ನನಗೆ ಅಷ್ಟು ಕೊಂಕಣಿ ಅರ್ಥವಾಗುತ್ತದೆ.